ಗಲ್ಲ ಊದಿದ ಗೆರೆಮೀನು

“ಮಠದ ಅನ್ನ ಬೇಡ ಅಂದವಳನ್ನು ಮಠದಲ್ಲಿ ಇಟ್ಟುಕೊಳ್ಳಬಹುದೇ, ಗುರುಗಳೇ?”

ವಾಮನಯ್ಯ ಕೇಳಿದ ದನಿಯಲ್ಲಿ ಪ್ರಶ್ನೆಗಿಂತ ತೀರ್ಪೇ ಹೆಚ್ಚಾಗಿತ್ತು. ಕಡಲಿಗೆ ಹತ್ತಿರದ ಆ ಸಣ್ಣ ಮಠದಲ್ಲಿ ಉಗ್ರಾಣ, ಅಡುಗೆಮನೆ, ಬಂದವರ ಊಟೋಪಚಾರ ಎಲ್ಲವೂ ಅವನ ಕೈಯಲ್ಲಿತ್ತು. ಗುರುಗಳ ಹತ್ತಿರ ಇಪ್ಪತ್ತು ವರ್ಷದಿಂದ ಇರುವ ಶಿಷ್ಯ. ಬೇರೆ ಏನನ್ನಾದರೂ ತಡೆದುಕೊಳ್ಳುತ್ತಿದ್ದ. ಮಠದ ಊಟಕ್ಕೆ ಯಾರಾದರೂ ಹೆಸರಿಟ್ಟರೆ ಮಾತ್ರ ಅವನ ಕಿವಿ ಕೆಂಪಾಗುತ್ತಿತ್ತು.

ಬೇಡ ಅಂದವಳು ಗುಲಾಬಿ. ಹನ್ನೊಂದು ವರ್ಷದಿಂದ ಮಠದ ಅಕ್ಕಿ ತೊಳೆಯುವವಳು, ಪಾತ್ರೆ ಬೆಳಗುವವಳು. ಮಠದ ಹಿಂದಿನ ಕೋಣೆಯೇ ಅವಳ ಮನೆ. ಅವಳಿಗೆ ಇದ್ದವನು ಒಬ್ಬನೇ ತಮ್ಮ, ಸಂಜೀವ. ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದ ಮೊದಲ ದಿನವೇ ಅವನು ಹೋದ. ಹೋದವನು ಬರಲಿಲ್ಲ. ಊರಿನ ಬೋಟಿನ ಧಣಿಯ ದೊಡ್ಡ ಬೋಟಿನಲ್ಲಿಯೇ ಹೋದದ್ದು ಎಂದು ಗುಲಾಬಿ ಹೇಳುತ್ತಾಳೆ. ಆ ಹುಡುಗ ನನ್ನ ಬೋಟು ಹತ್ತಲೇ ಇಲ್ಲ, ಆಳುಗಳ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ ಎಂದು ಧಣಿ ಹೇಳುತ್ತಾನೆ.

ಆ ಕಡೆಯಲ್ಲಿ ಒಂದು ಪದ್ಧತಿ ಇದೆ. ತಕರಾರು ಇರುವ ಇಬ್ಬರು ಮಠದ ಒಂದೇ ಪಂಕ್ತಿಯಲ್ಲಿ ಕೂತು ಉಂಡರೆ ತಕರಾರು ಅಲ್ಲಿಗೆ ಮುಗಿಯಿತು. ಕೈ ತೊಳೆದ ಮೇಲೆ ಅದರ ಮಾತು ಎತ್ತುವಂತಿಲ್ಲ. ಹಾಗಾಗಿ ಸೋಮವಾರ ಧಣಿ ಮಠದಲ್ಲಿ ದೊಡ್ಡದೊಂದು ಸಂತರ್ಪಣೆ ಮಾಡಿಸಿದ. ಊರಿಗೆ ಊರೇ ಬಂದು ಉಂಡಿತು. ಧಣಿಯ ಎದುರಿನ ಸಾಲಿನಲ್ಲಿ ಗುಲಾಬಿಗೂ ಎಲೆ ಹಾಕಿ ಬಡಿಸಿದ್ದರು. ಅವಳು ಎಲೆಯ ಹತ್ತಿರ ಬಂದಳು, ನಿಂತಳು, ಕೂರದೆ ಒಳಗೆ ಹೋದಳು.

“ಧಣಿ ಅರ್ಧ ಊಟದಲ್ಲಿ ಎದ್ದು ಹೋದರು, ಗುರುಗಳೇ. ಇದು ಅವರಿಗಾದ ಅವಮಾನವಲ್ಲ, ಮಠಕ್ಕಾದದ್ದು. ನಾನು ಅವಳಿಗೆ ಮೂರು ದಿನ ಕೊಟ್ಟಿದ್ದೇನೆ. ನಾಳೆ ಧಣಿ ಮತ್ತೆ ಬರುತ್ತಾರೆ. ಕೂತು ಉಂಡರೆ ಸರಿ. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಹೊರಡಲಿ. ಹನ್ನೊಂದು ವರ್ಷ ಇಲ್ಲಿಯ ಅನ್ನ ತಿಂದವಳಿಗೆ ಇವತ್ತು ಅದೇ ಅನ್ನ ಬೇಡವಾಯಿತೇ? ಇಷ್ಟು ಸೊಕ್ಕು ಎಲ್ಲಿಂದ ಬಂತು? ತಾವು ಒಂದು ಹೂಂ ಅಂದರೆ ಸಾಕು.”

ಈ ಮೂರು ದಿನ ವಾಮನಯ್ಯ ಗುಲಾಬಿಯ ಮುಖ ನೋಡಿ ಮಾತಾಡಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಅಡುಗೆಯವರ ಕೈಯಲ್ಲಿ ಹೇಳಿಸಿದ್ದ.

ಗುರುಗಳು ಮೆತ್ತಗಿನ ಮನುಷ್ಯರಲ್ಲ. ಆಶೀರ್ವಾದವನ್ನೂ ಗದರಿಸಿದ ಹಾಗೆಯೇ ಮಾಡುವವರು. “ಕೂತುಕೋ” ಎಂದರು. “ಹೂಂ ಅನ್ನುವುದು ಎಷ್ಟು ಹೊತ್ತಿನ ಕೆಲಸ! ಅದಕ್ಕೆ ಮೊದಲು ಇದೊಂದನ್ನು ಕೇಳು. ನಡುವೆ ಬಾಯಿ ಹಾಕಬೇಡ.”

ಅವರು ಹೇಳಿದ್ದು ಇದು.

ಒಬ್ಬ ಮುಳುಗುಗಾರನಿದ್ದ. ದಡದಿಂದ ಒಂದು ಗಂಟೆ ಹುಟ್ಟು ಹಾಕಿದರೆ ಒಂದು ದ್ವೀಪ. ಅದರ ಬುಡದಲ್ಲಿ ಹವಳದ ಬಂಡೆ. ಅಲ್ಲಿ ಮುಳುಗಿ, ಕಲ್ಲಿಗೆ ಕಚ್ಚಿಕೊಂಡ ಪಚ್ಚಿಲೆಯ ಚಿಪ್ಪುಗಳನ್ನು ಉಳಿಯಿಂದ ಎಬ್ಬಿಸಿ ತರುವುದು ಅವನ ಕಸುಬು. ಅವನ ಅಪ್ಪನ ಕಸುಬೂ ಅದೇ. ಆ ಬಂಡೆಯ ಒಂದೊಂದು ಸಂದಿಯೂ ತನಗೆ ಗೊತ್ತು ಎಂದು ಹೇಳಿಕೊಳ್ಳುತ್ತಿದ್ದ. ಗೊತ್ತಿದ್ದದ್ದೂ ನಿಜ. ಯಾವ ಸಂದಿಯಲ್ಲಿ ಕೈ ಹಾಕಬಹುದು, ಯಾವುದರಲ್ಲಿ ಹಾಕಿದರೆ ಕೈ ಹೋಗುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ಎಲ್ಲವೂ ಗೊತ್ತು ಎಂದುಕೊಳ್ಳುವುದು ಮನುಷ್ಯರ ಜಾಯಮಾನ, ಬಿಡು.

ಒಂದು ದಿನ ಪೇಟೆಯಿಂದ ಒಬ್ಬ ವ್ಯಾಪಾರಿ ಬಂದ. ದೊಡ್ಡವರ ಮನೆಯ ಗಾಜಿನ ತೊಟ್ಟಿಗೆ ಚಂದದ ಸಣ್ಣ ಮೀನು ಬೇಕು, ಜೀವಂತ ಬೇಕು ಎಂದ. ಮುಳುಗುಗಾರನಿಗೆ ಕೂಡಲೇ ನೆನಪಾದದ್ದು ಗೆರೆಮೀನು. ಉದ್ದ ಒಂದು ಹೆಬ್ಬೆರಳಿನಷ್ಟು. ಮುಖಕ್ಕೆ ಮೀರಿದ ಕಣ್ಣು. ಮೈಯುದ್ದಕ್ಕೂ ಗೆರೆ. ತಿನ್ನುವುದಕ್ಕೆ ಆಗುವಂಥದ್ದಲ್ಲ, ಹಾಗಾಗಿ ಊರಿನಲ್ಲಿ ಯಾರೂ ಅದನ್ನು ಮೀನು ಎಂದು ಎಣಿಸಿಯೇ ಇರಲಿಲ್ಲ.

ಅದರ ಬದುಕು ಹೇಗೆ ಗೊತ್ತೇ? ಹಗಲೆಲ್ಲ ಹವಳದ ಸಂದಿಯಲ್ಲಿ ಅಲ್ಲಾಡದೆ ನಿಂತಿರುತ್ತದೆ. ಸಂದಿ ಸಿಗದಿದ್ದರೆ, ಬಂಡೆಗೆ ಅಂಟಿಕೊಂಡು ಮೈಯೆಲ್ಲ ಉದ್ದುದ್ದ ಮುಳ್ಳು ನಿಗುರಿಸಿಕೊಂಡಿರುವ ಒಂದು ಜೀವಿ ಇದೆ, ಅದರ ಮುಳ್ಳುಗಳ ನಡುವೆ ಹೋಗಿ ನಿಲ್ಲುತ್ತದೆ. ದೊಡ್ಡ ಮೀನು ಅಲ್ಲಿಗೆ ಬಾಯಿ ಹಾಕುವುದಿಲ್ಲ. ಕತ್ತಲಾದ ಮೇಲೆ ಹೊರಗೆ ಬಂದು, ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದಂಥ ಹುಳಹುಪ್ಪಟೆ ತಿನ್ನುತ್ತದೆ. ಬೆಳಕು ಹರಿಯುವುದರೊಳಗೆ ತನ್ನ ಸಂದಿಗೆ ವಾಪಸ್ಸು. ಪಕ್ಕದ ಸಂದಿ ಖಾಲಿ ಇದ್ದರೂ ಅದಕ್ಕೆ ಬೇಡ, ತನ್ನದೇ ಬೇಕು. ಯಾರ ತಂಟೆಗೂ ಹೋಗದ ಪ್ರಾಣಿ. ಅಂಥದ್ದನ್ನು ಹಗಲಿನಲ್ಲಿ ಹಿಡಿಯುವುದು ಏನು ದೊಡ್ಡ ಶೌರ್ಯ! ಒಂದು ಕಡೆ ಸಣ್ಣ ಬಲೆ ಇಟ್ಟು, ಇನ್ನೊಂದು ಕಡೆಯಿಂದ ಕಡ್ಡಿ ಆಡಿಸಿದರೆ ಬಂದು ಬೀಳುತ್ತದೆ.

ವ್ಯಾಪಾರಿ ಒಂದು ಪರೀಕ್ಷೆ ಇಟ್ಟ. ದಡದಲ್ಲಿ ತೆಂಗಿನ ಗರಿಯ ನೆರಳು ಮಾಡಿ ಒಂದು ಸಿಮೆಂಟಿನ ತೊಟ್ಟಿ ಕಟ್ಟಿಸಿದ. ಅದಕ್ಕೆ ಕಡಲ ನೀರು ತುಂಬಿ, ತಂದ ಮೀನನ್ನು ಮೂರು ದಿನ ಅದರಲ್ಲಿ ಬಿಡಬೇಕು. ಸಿಗಡಿ ಜಜ್ಜಿ ಹಾಕಬೇಕು. ಬಂದು ತಿಂದ ಮೀನು ಒಳ್ಳೆಯ ಮೀನು, ಅದನ್ನು ಪೇಟೆಗೆ ಒಯ್ಯುವುದು. ತಿನ್ನದ ಮೀನು ರೋಗದ ಮೀನು. ಅದನ್ನು ಕಡಲಿಗೂ ಬಿಡಬಾರದು, ರೋಗ ಹರಡುತ್ತದೆ. ಅವನ ಕಣ್ಣೆದುರೇ ಮರಳಿಗೆ ಎಸೆಯಬೇಕು.

ಮುಳುಗುಗಾರ ಒಪ್ಪಿದ. ಒಪ್ಪುವುದೇನು ಬಂತು, ಎದೆ ಉಬ್ಬಿಸಿದ. “ರೋಗದ ಮೀನು ನನ್ನ ಕೈಗೆ ಬರುವುದೇ ಇಲ್ಲ, ಸಾಹುಕಾರ್ರೇ” ಎಂದ.

ಮೊದಲ ಸಲ ಹಿಡಿದು ತಂದ. ಮೂರು ದಿನವಾದ ಮೇಲೆ ನೋಡಿದರೆ ಅರ್ಧ ಮೀನು ತಿಂದಿವೆ, ಅರ್ಧ ತಿಂದಿಲ್ಲ. ತಿನ್ನದವು ತೊಟ್ಟಿಯ ಮೂಲೆಯಲ್ಲಿ ನಿಂತಿವೆ. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿವೆ. ಗಲ್ಲ ಊದಿದೆ, ಗಂಟಲ ಕೆಳಗೆ ಚೀಲ ಕಟ್ಟಿದ ಹಾಗೆ ಜೋಲುತ್ತಿದೆ.

ವ್ಯಾಪಾರಿ ಬಗ್ಗಿ ನೋಡಿದ. “ಗಂಟಲು ಬೇನೆ. ಎಸೆ” ಎಂದ.

ಎಸೆದ. ಬಿಸಿಲಿಗೆ ಕಾದ ಮರಳಿನ ಮೇಲೆ ಅವು ಒಂದೆರಡು ಸಲ ಹಾರಿ ಬಿದ್ದು ಸುಮ್ಮನಾದವು. ಕಾಗೆಗಳಿಗೆ ಹೇಳಿಕಳಿಸುವುದು ಬೇಕಾಗಲಿಲ್ಲ.

ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲವೂ ಹಾಗೆಯೇ. ದಡದಲ್ಲಿ ಬಲೆ ಹೆಣೆಯುತ್ತಿದ್ದವರೆಲ್ಲ ಕೇಳುವ ಹಾಗೆ ವ್ಯಾಪಾರಿ ನಕ್ಕ. “ಏನಯ್ಯಾ, ರೋಗದ ಮೀನು ಇರುವ ಸಂದಿಯನ್ನೇ ಹುಡುಕಿ ಮುಳುಗುತ್ತೀಯೋ ಹೇಗೆ?” ಎಂದ. ಬಲೆ ಹೆಣೆಯುವವರೂ ನಕ್ಕರು. ಅಪ್ಪನ ಕಾಲದಿಂದ ಆ ದಡದಲ್ಲಿ ಒಳ್ಳೆಯ ಹೆಸರು ಇದ್ದವನು ಅವನು. ಆ ನಗು ಅವನಿಗೆ ಉಪ್ಪುನೀರು ಕಣ್ಣಿಗೆ ಬಿದ್ದ ಹಾಗಾಯಿತು.

ಕೋಪ ಬಂತು. ನಕ್ಕವರ ಮೇಲೆ ಬರಬೇಕಿತ್ತು, ಬರಲಿಲ್ಲ. ವ್ಯಾಪಾರಿಯ ಮೇಲೆ ಬರಬೇಕಿತ್ತು, ಅದೂ ಬರಲಿಲ್ಲ. ಯಾರ ಮೇಲೆ ಬಂತು? ಆ ಹೆಬ್ಬೆರಳುದ್ದದ ಪ್ರಾಣಿಯ ಮೇಲೆ! ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೀನನ್ನು ಬೈದ. “ಏನು ಸೊಕ್ಕು ನಿಮಗೆ! ನೆರಳು ಮಾಡಿ ಕೊಟ್ಟಿದ್ದೇನೆ. ಸಿಗಡಿ ತಂದು ಜಜ್ಜಿ ಹಾಕುತ್ತಿದ್ದೇನೆ. ನನ್ನ ಮನೆಯಲ್ಲಿ ನನಗೆ ಇಷ್ಟು ಉಪಚಾರ ಇಲ್ಲ. ತಿನ್ನುವುದಕ್ಕೆ ಏನು ಧಾಡಿ?”

ಮುಂದಿನ ಸಲ ಅವನು ತೀರ್ಮಾನ ಮಾಡಿಕೊಂಡೇ ಬಂದ. ಏನಾದರೂ ಸರಿ, ಇವುಗಳನ್ನು ತಿನ್ನಿಸಿಯೇ ಬಿಡುತ್ತೇನೆ. ಸಿಗಡಿ ಹಾಕಿದ, ಮುಟ್ಟಲಿಲ್ಲ. ಪಚ್ಚಿಲೆ ಬಿಡಿಸಿ ಒಳಗಿನ ಮಾಂಸ ಕೊಚ್ಚಿ ಹಾಕಿದ, ಮುಟ್ಟಲಿಲ್ಲ. ಎರಡನೆಯ ದಿನ ಸಿಟ್ಟು ನೆತ್ತಿಗೇರಿ, ಮರದ ಸೌಟು ತೆಗೆದುಕೊಂಡು ತೊಟ್ಟಿಯ ಅಂಚಿಗೆ ಬಡಿದ. ಬಡಿದದ್ದು ಬಡಿದದ್ದೇ. ಮೀನು ಗಾಬರಿಯಾಗಿ ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ. ಅಡಗಿಕೊಳ್ಳೋಣ ಎಂದರೆ ಸಂದಿಯೇ ಇಲ್ಲ, ಸುತ್ತಲೂ ಸಿಮೆಂಟು. ನೀರಿಗೆ ಕೈ ಹಾಕಿ ಕಲಕಿದ. ಕೈಯಿಂದ ಅಟ್ಟಿಸಿಕೊಂಡು ಹೋದ. ಹೆಂಡತಿ ಗಂಜಿ ತಂದವಳು ನಿಂತು ನೋಡಿ, “ಬಡಿದರೆ ರೋಗ ಹೋಗುವುದಾದರೆ ನಿಮ್ಮ ಬೆನ್ನುನೋವಿಗೆ ನಾನು ಇಷ್ಟು ದಿನ ಸುಮ್ಮನೆ ಎಣ್ಣೆ ತಿಕ್ಕಿದೆ” ಎಂದಳು.

ಆದರೆ ನೋಡು, ಮಾರನೆಯ ದಿನ ಮೀನು ತಿಂದವು! ಸಿಗಡಿ ಹಾಕಿದ್ದೇ ತಡ, ಒಂದರ ಹಿಂದೆ ಒಂದು ಬಂದು ಗಬಗಬ ತಿಂದವು. ಊದಿದ ಗಲ್ಲ ಇಳಿದಿತ್ತು. ಗಂಟಲ ಚೀಲ ಮಾಯವಾಗಿತ್ತು. ತೊಟ್ಟಿಯ ತಳದಲ್ಲಿ ಅಲ್ಲಲ್ಲಿ ಕಿತ್ತಳೆ ಬಣ್ಣದ ಲೋಳೆಯ ಮುದ್ದೆ ಬಿದ್ದಿತ್ತು. ಮುಳುಗುಗಾರನಿಗೆ ಎಲ್ಲವೂ ಅರ್ಥವಾಯಿತು. ಅಂದರೆ, ಅರ್ಥವಾಯಿತು ಎಂದುಕೊಂಡ. ಇದು ಕಫ. ಗಂಟಲಲ್ಲಿ ಕಟ್ಟಿಕೊಂಡಿತ್ತು. ಬಡಿದದ್ದಕ್ಕೆ, ಓಡಾಡಿಸಿದ್ದಕ್ಕೆ ಸಡಿಲವಾಗಿ ಹೊರಗೆ ಬಿತ್ತು. ರೋಗ ಹೋಯಿತು, ಹಸಿವು ಬಂತು.

ಆ ಮುದ್ದೆಗಳನ್ನು ತೆಂಗಿನ ಚಿಪ್ಪಿನಿಂದ ಎತ್ತಿ ಮರಳಿಗೆ ಚೆಲ್ಲಿದ. ತೊಟ್ಟಿ ತೊಳೆದ. ವ್ಯಾಪಾರಿಯನ್ನು ಕರೆದು ತೋರಿಸಿದ.

ವ್ಯಾಪಾರಿ ಬೆನ್ನು ತಟ್ಟಿದ. ನಕ್ಕಿದ್ದವರೇ ಬಂದು ತೊಟ್ಟಿ ಸುತ್ತುವರಿದು ನೋಡಿ ತಲೆದೂಗಿದರು. ಹೋದ ಹೆಸರು ಬಂತು, ಜೊತೆಗೆ ಇನ್ನೊಂದು ಹೆಸರೂ ಬಂತು: ಮೀನಿನ ವೈದ್ಯ! ಅಂದಿನಿಂದ ಅದೇ ಕ್ರಮ. ಹಿಡಿದು ತರುವುದು, ತೊಟ್ಟಿಗೆ ಬಿಡುವುದು, ಬಡಿಯುವುದು, ಕಲಕುವುದು, ಕಫ ಎತ್ತಿ ಎಸೆಯುವುದು. ಕೆಲವು ಮೀನುಗಳ ಕಫ ತಳದಲ್ಲಿ ಕಾಣುತ್ತಲೇ ಇರಲಿಲ್ಲ, ಆದರೂ ಗಲ್ಲ ಇಳಿದಿರುತ್ತಿತ್ತು, ಮೀನು ತಿನ್ನುತ್ತಿತ್ತು. ಅದು ಹೇಗೆ ಎಂದು ಅವನು ಕೇಳಿಕೊಳ್ಳಲಿಲ್ಲ. ಗುಣವಾದ ಮೇಲೆ ಯಾರು ಕೇಳುತ್ತಾರೆ? ದ್ವೀಪದ ಒಂದು ಬದಿಯ ಬಂಡೆಯನ್ನು ಪೂರ್ತಿ ಬರಿದು ಮಾಡಿ ಇನ್ನೊಂದು ಬದಿಗೆ ಹೋದ.

ಹೀಗಿರುವಾಗ ಒಂದು ಮೀನು ಸಿಕ್ಕಿತು.

ಮಾಮೂಲಿ ಗೆರೆಮೀನೇ. ದೊಡ್ಡದೂ ಅಲ್ಲ, ವಿಶೇಷ ಚಂದವೂ ಇಲ್ಲ. ಗಲ್ಲ ಊದಿತ್ತು. ಮುಳುಗುಗಾರ ಬಡಿದ. ಉಳಿದವೆಲ್ಲ ಕಫ ಉಗುಳಿ ಸಿಗಡಿಗೆ ಬಂದವು, ಇದು ಬರಲಿಲ್ಲ. ಮರುದಿನ ಇನ್ನೂ ಜೋರಾಗಿ ಬಡಿದ. ಸೌಟು ಮುರಿಯಿತು, ಮೀನು ಬರಲಿಲ್ಲ. ಮೂಲೆಗೆ ಬೆನ್ನು ಕೊಟ್ಟು, ರೆಕ್ಕೆಯನ್ನಷ್ಟೇ ಅಲ್ಲಾಡಿಸುತ್ತ ನಿಂತಿತ್ತು. ಆಗೊಮ್ಮೆ ಈಗೊಮ್ಮೆ ಬಾಯಿ ಇಷ್ಟೇ ಇಷ್ಟು ತೆರೆಯುವುದು, ಒಳಗಿನದನ್ನು ಹೊರಳಿಸಿದ ಹಾಗೆ ಮಾಡುವುದು, ಮತ್ತೆ ಮುಚ್ಚುವುದು. ಮೈ ಸೊರಗಿ ತಲೆಯಷ್ಟೇ ಉಳಿದ ಹಾಗೆ ಕಾಣುತ್ತಿತ್ತು. ಮೂರನೆಯ ದಿನ ವ್ಯಾಪಾರಿ ಬಂದ. ಅವನ ಹಿಂದೆ ನೋಡುವವರೂ ಬಂದರು. ವೈದ್ಯನ ಕೈಗುಣ ನೋಡುವುದಕ್ಕೆ!

“ಇದೊಂದು ಉಳಿಯಿತಲ್ಲಯ್ಯಾ” ಎಂದ ವ್ಯಾಪಾರಿ. “ಎಸೆದುಬಿಡು.”

ಎಸೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನ ಹೆಸರಿನ ಪ್ರಶ್ನೆ ಬಂತಲ್ಲ! “ತಿನ್ನದೆ ಎಲ್ಲಿಗೆ ಹೋಗುತ್ತದೆ, ನೋಡಿ” ಎಂದು ತೊಟ್ಟಿಗೆ ಕೈ ಹಾಕಿ ಮೀನನ್ನು ಹಿಡಿದ. ಎಡಗೈಯಲ್ಲಿ ಮೀನು, ಬಲಗೈಯಲ್ಲಿ ಜಜ್ಜಿದ ಸಿಗಡಿ. ನೀರಿನ ಮಟ್ಟದಲ್ಲಿ ಹಿಡಿದುಕೊಂಡು, ಹೆಬ್ಬೆರಳಿನ ಉಗುರನ್ನು ತುಟಿಯ ಸಂದಿಗೆ ತೂರಿಸಿ ಬಾಯಿ ಬಿಡಿಸಿದ.

ಬಾಯಿ ತುಂಬ ಮೊಟ್ಟೆ.

ಸಾಸಿವೆಗಿಂತ ಸಣ್ಣ ಮೊಟ್ಟೆಗಳು, ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿದ್ದವು. ಒಂದೊಂದರಲ್ಲೂ ಎರಡೆರಡು ಕಪ್ಪು ಚುಕ್ಕಿ. ಕಣ್ಣುಗಳು! ಒಡೆಯುವುದಕ್ಕೆ ಒಂದೋ ಎರಡೋ ದಿನ ಉಳಿದಿದ್ದ ಮರಿಗಳ ಕಣ್ಣು. ಅಷ್ಟೂ ಕಣ್ಣುಗಳು ಬೆಳಕಿಗೆ ಒಮ್ಮೆಲೇ ಮಿಸುಕಿದವು.

ಅವನು ಉಗುರು ತೆಗೆದ. ಮೀನು ಬಾಯಿ ಮುಚ್ಚಿಕೊಂಡಿತು. ನಾಲ್ಕು ಮೊಟ್ಟೆ ಉಗುರಿಗೆ ಅಂಟಿ ಬಂದವು. ಕಿತ್ತಳೆ ಬಣ್ಣ. ಅದೇ ಲೋಳೆ. ಅವನೇ ಚಿಪ್ಪಿನಲ್ಲಿ ಎತ್ತಿ ಎತ್ತಿ ಮರಳಿಗೆ ಚೆಲ್ಲಿದ ಕಫ.

ಕೇಳು, ವಾಮನ. ಇದು ನಾನು ಕಟ್ಟಿದ ಮಾತಲ್ಲ, ಕಡಲೊಳಗೆ ನಡೆಯುವುದೇ ಹೀಗೆ. ಆ ಜಾತಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ. ಗಂಡು ಅದನ್ನು ಬಾಯಲ್ಲಿ ತೆಗೆದುಕೊಳ್ಳುತ್ತದೆ. ಅಂದಿನಿಂದ ಮರಿಯಾಗುವ ತನಕ, ಒಂದು ವಾರವೋ ಇನ್ನೂ ಹೆಚ್ಚೋ, ಅದಕ್ಕೆ ಊಟವಿಲ್ಲ. ಸುತ್ತ ಆಹಾರ ತೇಲುತ್ತಿದ್ದರೂ ಬಾಯಿ ಹಾಕುವಂತಿಲ್ಲ. ಆಗಾಗ ಬಾಯಿ ತೆರೆದು ಮೊಟ್ಟೆಗಳನ್ನು ಹೊರಳಿಸಿ ಗಾಳಿ ಕೊಡುತ್ತದೆ, ಮತ್ತೆ ಮುಚ್ಚುತ್ತದೆ. ಮರಿಯಾದ ಮೇಲೆ ಒಂದು ಸಂಜೆ ಬಾಯಿ ಬಿಟ್ಟು ಎಲ್ಲವನ್ನೂ ನೀರಿಗೆ ಬಿಡುತ್ತದೆ. ಆಮೇಲೆ ಅದರ ಊಟ. ಹೆದರಿಸಿದರೆ, ಗೋಳು ಹೊಯ್ದುಕೊಂಡರೆ, ಹಿಂಸೆ ತಡೆಯಲಾರದೆ ಕೆಲವು ಮೊಟ್ಟೆಯನ್ನು ಉಗುಳುತ್ತವೆ. ಕೆಲವು ನುಂಗಿಯೇ ಬಿಡುತ್ತವೆ. ಉಗುಳಿದ ಮೇಲೆ, ನುಂಗಿದ ಮೇಲೆ, ಹಸಿದ ಹೊಟ್ಟೆ ಇದ್ದೇ ಇದೆಯಲ್ಲ, ತಿನ್ನುತ್ತವೆ.

ಈಗ ಹೇಳು ನೋಡೋಣ, ಆ ತೊಟ್ಟಿಯಲ್ಲಿ ಯಾರಿಗೆ ರೋಗವಿತ್ತು, ಯಾವುದು ಗುಣವಾಯಿತು? ಮಕ್ಕಳನ್ನು ಉಗುಳಿದವುಗಳಿಗೆ ಒಳ್ಳೆಯ ಮೀನು ಎಂಬ ಹೆಸರು. ಹಿಡಿದುಕೊಂಡು ಹಸಿದದ್ದಕ್ಕೆ ರೋಗ, ಸೊಕ್ಕು, ಧಾಡಿ! ಪರೀಕ್ಷೆಯಂತೆ ಪರೀಕ್ಷೆ! ಬೆಂಕಿ ಹಾಕು ಅಂಥ ಪರೀಕ್ಷೆಗೆ. ತೊಟ್ಟಿ ಕಟ್ಟಿದವನು ಬಂದು ತೀರ್ಪು ಕೊಡುತ್ತಾನೆ, ತೊಟ್ಟಿಯಲ್ಲಿ ಸಿಕ್ಕಿಕೊಂಡದ್ದು ತಪ್ಪಿತಸ್ಥ. ಸುತ್ತ ನಿಂತವರು ತಲೆದೂಗುತ್ತಾರೆ. ನೂರು ವರ್ಷ ಮುಳುಗಿದರೂ ಇಂಥ ನ್ಯಾಯ ಕಡಲ ತಳದಲ್ಲಿ ಸಿಗುವುದಿಲ್ಲ, ಅದಕ್ಕೆ ದಡಕ್ಕೇ ಬರಬೇಕು.

ಮುಳುಗುಗಾರ ಮೀನನ್ನು ನೀರಿಗೆ ಬಿಟ್ಟು ಎದ್ದು ನಿಂತ. ಉಗುರು ತೋರಿಸಿ, “ಇದು ಮೊಟ್ಟೆ, ಸಾಹುಕಾರ್ರೇ. ಇಷ್ಟು ದಿನ ನಾವು ಎಸೆದದ್ದೆಲ್ಲ ಮೊಟ್ಟೆ” ಎಂದ.

ವ್ಯಾಪಾರಿ ಬಗ್ಗಿ ನೋಡಿದ. ಅವನಿಗೇನೂ ಆಶ್ಚರ್ಯವಾಗಲಿಲ್ಲ. “ಇರಲಿ ಬಿಡಯ್ಯಾ. ಉಗುಳಿದ್ದು ತಿನ್ನುತ್ತದೆ, ತಿಂದದ್ದು ಬದುಕುತ್ತದೆ. ಗಾಜಿನ ತೊಟ್ಟಿಗೆ ಬೇಕಾದದ್ದು ತಿನ್ನುವ ಮೀನು. ಅದು ಬಾಯಲ್ಲಿ ಏನು ಇಟ್ಟುಕೊಂಡಿತ್ತು ಎಂದು ಯಾರು ಕೇಳುತ್ತಾರೆ?”

ಮುಳುಗುಗಾರನಿಗೆ ಆಗ ಬಂತು ನೋಡು ಕೋಪ. ಸರಿಯಾದ ಜಾಗಕ್ಕೆ ಬಂತು. ಎಷ್ಟೋ ತಿಂಗಳ ಹಿಂದೆಯೇ ಬರಬೇಕಾಗಿದ್ದದ್ದು, ದಾರಿ ತಪ್ಪಿ ಎಲ್ಲೆಲ್ಲೋ ಹೋಗಿ, ಈಗ ಬಂತು. “ನೀವು ಕೇಳದಿದ್ದರೆ ಬೇಡ. ನಾನು ಕೇಳಬೇಕಾಗಿತ್ತು. ಆ ಸಂದಿಗೆ ಕೈ ಹಾಕಿದವನು ನಾನು” ಎಂದ. ನಿಂತವರೆಲ್ಲರ ಮುಂದೆ, ಗಂಟಲು ಹರಿಯುವ ಹಾಗೆ ಹೇಳಿದ. “ನಾನು ವೈದ್ಯನಲ್ಲ. ಈ ಮೀನುಗಳಿಗೆ ಯಾವ ರೋಗವೂ ಇರಲಿಲ್ಲ. ನಾನು ಬಡಿದು ಬಡಿದು ಅವುಗಳ ಮಕ್ಕಳನ್ನು ಕಕ್ಕಿಸಿದೆ. ನೀವೆಲ್ಲ ನಿಂತು ನೋಡಿದ್ದೀರಿ, ಕೇಳಿಸಿಕೊಳ್ಳಿ.” ಒಬ್ಬರೂ ತಲೆದೂಗಲಿಲ್ಲ. ಒಬ್ಬೊಬ್ಬರಾಗಿ ಬಲೆಯ ಕೆಲಸ ನೆನಪಾಗಿ ಹೊರಟರು. ವ್ಯಾಪಾರಿ ಮುಂದಿನ ಊರಿಗೆ ಹೋದ. ಅಲ್ಲಿಯೂ ಮುಳುಗುವವರು ಇರುತ್ತಾರೆ.

ಮುಳುಗುಗಾರ ಕೊಡಕ್ಕೆ ಕಡಲ ನೀರು ತುಂಬಿ, ಮೀನನ್ನು ಅದರಲ್ಲಿ ಬಿಟ್ಟು, ಕೊಡದ ಬಾಯಿಗೆ ಬಟ್ಟೆ ಕಟ್ಟಿ ದೋಣಿಯಲ್ಲಿಟ್ಟ. ಬಿಸಿಲಿನಲ್ಲಿಯೇ ಹುಟ್ಟು ಹಾಕಿದ. ಎಲ್ಲಿಂದ ತಂದಿದ್ದನೋ ಅದೇ ಬಂಡೆ, ಅದೇ ಸಂದಿ. ಕೊಡವನ್ನು ತೆಗೆದುಕೊಂಡೇ 
ಮುಳುಗಿದ. ಬಟ್ಟೆ ಬಿಚ್ಚಿದ. ಮೀನು ಹೊರಗೆ ಬಂದು ಒಂದು ಗಳಿಗೆ ನಿಂತು, ಸಂದಿಯೊಳಗೆ ಹೋಯಿತು. ಬಾಯಿ ಮುಚ್ಚಿಯೇ ಇತ್ತು. ಆಮೇಲೆ ಅದು ಬದುಕಿತೋ, ಮರಿಗಳನ್ನು ಬಿಟ್ಟಿತೋ ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ.

ಗೊತ್ತಿರುವುದು ಇಷ್ಟು. ಆ ಮೀನಿನ ಮರಿಗಳು ಹುಟ್ಟಿದ ಮೇಲೆ ನೀರಿನ ಸೆಳೆತದಲ್ಲಿ ದೂರ ಹೋಗುತ್ತವೆ. ವಾರಗಟ್ಟಲೆ ತೇಲುತ್ತವೆ. ಸ್ವಲ್ಪ ದೊಡ್ಡವಾದ ಮೇಲೆ, ಹುಟ್ಟಿದ ಬಂಡೆಯ ವಾಸನೆ ಹಿಡಿದುಕೊಂಡು ಎಷ್ಟೋ ಮರಿಗಳು ಅಲ್ಲಿಗೇ ತಿರುಗಿ ಬರುತ್ತವೆ. ಅವನು ಬರಿದು ಮಾಡಿದ ಬದಿಯಲ್ಲಿ ಮುಂದೆ ಎಷ್ಟೋ ವರ್ಷ ಸಂದಿಗಳು ಖಾಲಿ ಇದ್ದವು. ತಿರುಗಿ ಬರಬೇಕಾದವರು ಮರಳಿನ ಮೇಲೆ ಒಣಗಿ ಹೋಗಿದ್ದರು. ಮುಳುಗುಗಾರ ಮತ್ತೆ ಪಚ್ಚಿಲೆಗೆ ಹೋಗುತ್ತಿದ್ದ. ಆ ಬದಿಗೆ ಹೋದಾಗೆಲ್ಲ ಖಾಲಿ ಸಂದಿಗಳ ಮುಂದೆಯೇ ಉಳಿ ಹಿಡಿದು ಕೆಲಸ ಮಾಡಬೇಕಾಗಿತ್ತು. ಬೇರೆ ದಾರಿ ಇರಲಿಲ್ಲ, ಅವನ ಹೊಟ್ಟೆಪಾಡು ಅಲ್ಲಿಯೇ ಇತ್ತು.

ಗುರುಗಳು ನಿಲ್ಲಿಸಿದರು. ಹೇಳುತ್ತ ಹೇಳುತ್ತ ಅವರ ಮುಖವೂ ಕೆಂಪಾಗಿತ್ತು. ಅಡುಗೆಮನೆಯ ಕಡೆಯಿಂದ ನಾಳೆಯ ಅಕ್ಕಿ ಆರಿಸುವ ಮೊರದ ಸದ್ದು ಬರುತ್ತಿತ್ತು. ಆರಿಸುತ್ತಿದ್ದವಳು ಗುಲಾಬಿ.

ಕತೆ ಎಲ್ಲಿಗೆ ಬಂದು ನಿಂತಿತು ಎಂದು ತಿಳಿಯದಷ್ಟು ದಡ್ಡನಲ್ಲ ವಾಮನಯ್ಯ. ಆದರೆ ಮೂರು ದಿನದಿಂದ ಕಾಯಿಸಿಕೊಂಡು ಬಂದ ಕೋಪವನ್ನು ಒಂದೇ ಕತೆಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ದನಿ ಏರಿಸಿಯೇ ಹೇಳಿದ.

“ಮೀನಿನ ಮಾತು ಬೇರೆ, ಮನುಷ್ಯರ ಮಾತು ಬೇರೆ, ಗುರುಗಳೇ. ಮೀನಿನ ಬಾಯಿ ಬಿಡಿಸಿದರೆ ಮೊಟ್ಟೆ ಕಂಡಿತು. ಗುಲಾಬಿ ಹೇಳುವುದಕ್ಕೆ ಕಣ್ಣಿಗೆ ಕಾಣುವಂಥದ್ದು ಏನಿದೆ? ತಮ್ಮ ಹೋದ ದುಃಖ ಅವಳಿಗಿದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅವನು ಆ ಬೋಟು ಹತ್ತಿದ್ದನ್ನು ಕಂಡವರು ಯಾರಾದರೂ ಇದ್ದರೆ ಬಂದು ಹೇಳಬಹುದಿತ್ತಲ್ಲ? ಇಡೀ ಊರಿನಲ್ಲಿ ಒಬ್ಬನೂ ಕಂಡೆ ಅನ್ನಲಿಲ್ಲ. ಎಲ್ಲರೂ ಬಂದು ನೆಮ್ಮದಿಯಿಂದ ಕೂತು ಉಂಡರು.”

ಗುರುಗಳು ಈ ಸಲ ಗದರಲಿಲ್ಲ.

“ಬೋಟುಗಳು ಇಳಿದ ಆ ದಿನ ಬೆಳಗ್ಗೆ ಬಂದರಿನ ಧಕ್ಕೆಯಲ್ಲಿ ನಿಂತು, ಕಡಲಿಗೆ ಹೊರಟ ಒಬ್ಬೊಬ್ಬರ ಕೈಗೂ ಮಠದ ತೀರ್ಥ ಹಾಕಿ ಬಂದವನು ನೀನು, ವಾಮನ. ಸಂಜೀವನ ಕೈಗೆ ಯಾವ ಬೋಟಿನ ಮುಂದೆ ಹಾಕಿದೆ?”